ಪಕ್ಕದಲ್ಲೇ ಇದ್ದ ಹಾಗೆ

ಗುಜರಿಯವನ ಗಾಡಿ ಹಸಿರೋ ನೀಲಿಯೋ ಎಂಬಲ್ಲಿಗೆ ಅವಳ ನೆನಪು ನಿಂತುಬಿಟ್ಟಿತ್ತು.

“ನಿಧಾನವಾಗಿ ನೆನಪು ಮಾಡ್ಕೊಳ್ಳಿ ಅಮ್ಮ,” ಎಂದ ಪೇದೆ. ಪೆನ್ನಿನ ಮುಚ್ಚಳ ಅವನ ಹಲ್ಲಿನಲ್ಲಿತ್ತು. “ಎರಡು ಗಂಟೆಗೆ ಗಾಡಿ ಗೇಟ್ ಹತ್ರ ಇತ್ತು. ಮಗೂನೂ ಅಲ್ಲೇ ಇತ್ತಾ?”

“ಇಲ್ಲ, ಒಳಗೆ ಆಡ್ತಿತ್ತು. ನಾನು ಹಿತ್ತಲಲ್ಲಿ ಬಟ್ಟೆ ಒಗೀತಿದ್ದೆ. ಬಂದು ನೋಡಿದ್ರೆ ಗೇಟು ತೆಗೆದಿತ್ತು. ಗಾಡಿ ಇಲ್ಲ. ಬುಗುರಿ ಇಲ್ಲ.”

ಬುಗುರಿ ಅವಳ ನಾಲ್ಕು ವರ್ಷದ ಮಗಳು. ನಿಂತಲ್ಲಿ ನಿಲ್ಲದವಳೆಂದು ಸೋದರಮಾವ ಇಟ್ಟ ಹೆಸರು. ಆ ಸೋದರಮಾವ, ಅವಳ ತಮ್ಮ, ಈಗ ಕಿಟಕಿಯ ಬಳಿ ಉಗುರು ಕಚ್ಚುತ್ತ ನಿಂತಿದ್ದ. ಗಂಟೆ ನಾಲ್ಕೂವರೆ. ಮಂಚದ ಕೆಳಗೆ, ಬೀರುವಿನೊಳಗೆ, ಸ್ಪೀಕರಿನ ಹಿಂದೆ, ನೀರಿನ ತೊಟ್ಟಿ, ನೆರೆಮನೆಗಳ ಮಹಡಿ, ಎಲ್ಲ ಮುಗಿದಿತ್ತು. ಗಂಡ ತನ್ನ ರೇಡಿಯೋ ರಿಪೇರಿ ಅಂಗಡಿಯಿಂದ ಸೀದಾ ಗುಜರಿ ಅಂಗಡಿಗಳ ಓಣಿಗೆ ಓಡಿದ್ದ. ಮನೆಗಿನ್ನೂ ಬಂದಿರಲಿಲ್ಲ.

“ಅಪ್ಪಾ…”

ಪೇದೆ ಧಡಕ್ಕನೆ ಎದ್ದ. “ಮಗು ಇಲ್ಲೇ ಇದೆಯಲ್ರೀ!”

“ಸ್ಪೀಕರು ಸಾರ್ ಅದು,” ಎಂದ ತಮ್ಮ. “ಕೂತ್ಕೊಳ್ಳಿ. ಎಲ್ಲರೂ ಹೀಗೇ ಏಳ್ತಾರೆ.”

ನಡುಮನೆಯ ಮೂಲೆಯಲ್ಲಿ ಆಳೆತ್ತರದ ಮರದ ಪೆಟ್ಟಿಗೆ. ನೆತ್ತಿಯ ಮೇಲೊಂದು ಕಹಳೆ. ಕೆಳಗಿನ ಅರ್ಧವೆಲ್ಲ ಬರೀ ಟೊಳ್ಳು ಬಾಯಿ, ಅದಕ್ಕೆ ಇಳಿಬಿಟ್ಟ ಕಪ್ಪು ಬಟ್ಟೆ. ಮುಚ್ಚಿಹೋದ ಸಿನಿಮಾ ಟಾಕೀಸೊಂದರಿಂದ ಗಂಡ ತಂದು, ಎರಡು ವರ್ಷ ಉಜ್ಜಿ, ಮನೆಯ ಸದಸ್ಯನನ್ನಾಗಿ ಮಾಡಿದ ಹಾರ್ನ್ ಸ್ಪೀಕರು. ಅದಕ್ಕೆ ದನಿ ಕೊಡುವ ಟೇಪು, ಆಂಪ್ಲಿಫಯರು ಪಕ್ಕದ ಗೂಡಿನಂಥ ಕೋಣೆಯಲ್ಲಿ. ಮುಟ್ಟಿದರೆ ಸುಡುವ ವಾಲ್ವುಗಳು, ಶಾಕ್ ಹೊಡೆಯುವ ತಂತಿಗಳು. ಮಗು ಕೈ ಹಾಕೀತೆಂದು ಆ ಕೋಣೆಗೆ ಸದಾ ಬೀಗ. ಕೀಲಿ ಗಂಡನ ಜೇಬಿನಲ್ಲಿ.

“ಹೋದ ತಿಂಗಳು ಅಪ್ಪ ಮಗಳು ಕಣ್ಣಾಮುಚ್ಚಾಲೆ ಆಡ್ವಾಗ ರೆಕಾರ್ಡ್ ಮಾಡಿದ್ದು,” ಎಂದ ತಮ್ಮ. “ಟೇಪಿನ ತಲೆಗೆ ಬಾಲ ಅಂಟಿಸಿದಾರೆ ಭಾವ. ಮುಗಿಯೋದೇ ಇಲ್ಲ. ಹಾಕಿಟ್ಟು ಮರೆತು ಹೋಗಿದಾರೆ.”

ಮೂರು ಗಂಟೆಗೆ ಮೊದಲ ಸಲ ಈ ದನಿ ಕೇಳಿದಾಗ ಅವಳು ತಮ್ಮನ ಕೆನ್ನೆಗೇ ಬಾರಿಸಿದ್ದಳು. ಬೀದಿಯವರ ದನಿಯನ್ನೆಲ್ಲ ಗಂಟಲಲ್ಲಿ ಇಟ್ಟುಕೊಂಡವನು ಅವನು. ಅತ್ತೆಯ ದನಿಯಲ್ಲಿ ಅಕ್ಕನನ್ನು ಕರೆದು ಬೆಚ್ಚಿಬೀಳಿಸುವವನು.

“ಇವತ್ತೂ ಮಿಮಿಕ್ರಿನಾ? ನಿನ್ನ ನಾಲಿಗೆಗೆ ಹುಳ ಬೀಳ!”

“ನಾನಲ್ಲ ಅಕ್ಕಾ! ಭಾವನ ಟೇಪು! ನೋಡು, ಬಾಯಿ ಮುಚ್ಚಿದೀನಿ!” ಎಂದು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದ. ಆಗಲೂ ದನಿ ಬಂದಿತ್ತು. ಅವನು ಮೇನ್ ಸ್ವಿಚ್ ಆರಿಸಲು ಹೊರಟಾಗ ಅವಳೇ ಅವನ ಕೈ ಹಿಡಿದಿದ್ದಳು.

“ಬೇಡ ಕಣೋ. ಇರ್ಲಿ ಬಿಡು. ಅದಾದ್ರೂ ಇರ್ಲಿ.”

ಪೇದೆ ಪುಸ್ತಕ ಮರೆತು ಪೆಟ್ಟಿಗೆಯ ಕಡೆ ಕತ್ತು ಚಾಚಿದ್ದ. “ಏನ್ರೀ ಇದು, ಪಕ್ಕದಲ್ಲೇ ಇದ್ದ ಹಾಗಿದೆ. ಉಸಿರು ಎಳೆಯೋದೂ ಕೇಳಿಸ್ತಿದೆ.”

“ಅದಕ್ಕೇ ಸಾರ್ ಜನ ಹುಚ್ಚಾಗೋದು. ಈಗಿನ ಸ್ಪೀಕರುಗಳು ನೂರು ವ್ಯಾಟ್ ನುಂಗಿದ್ರೂ ಮೂಗಲ್ಲೇ ಮಾತಾಡ್ತವೆ. ಇದಕ್ಕೆ ಎರಡು ವ್ಯಾಟ್ ಸಾಕು. ಒಳಗೆ ಪಿಸುಗುಟ್ಟಿದ್ರೆ ಹೊರಗೆ ಭಾಷಣ. ಇದು ಮನೆಗೆ ಬಂದ ಮೇಲೆ ಭಾವನಿಗೂ ಕೊಂಬು…”

ಹಳೆಯ ಜೋಕು. ಅರ್ಧಕ್ಕೇ ಸತ್ತಿತು. ತಮ್ಮ ಬೇರೆಯದೇ ದನಿಯಲ್ಲಿ ಹೇಳಿದ:

“ಬುಗುರಿಗೆ ಆ ಟೇಪು ಅಂದ್ರೆ ಪ್ರಾಣ ಸಾರ್. ಒಳಗಿರೋ ಹುಡುಗಿ ಯಾರು ಮಾಮಾ ಅಂತ ಕೇಳಿದ್ಲು. ನಿನ್ನ ತಂಗಿ, ಹೊರಗೆ ಬರೋಕೆ ನಾಚ್ಕೆ ಅಂದಿದ್ದೆ.” ಇಷ್ಟು ದನಿಗಳಿದ್ದವನಿಗೆ ಅಳಲು ಒಂದೂ ಸಿಗಲಿಲ್ಲ.

ಪೇದೆಯ ಫೋನು ಬಡಿದುಕೊಂಡಿತು. ಅವನು ಕೇಳಿಸಿಕೊಂಡ. ಹೂಂ ಎಂದ. ಮತ್ತೆ ಹೂಂ ಎಂದ. ಅವಳು ಅವನ ತುಟಿಯನ್ನೇ ನೋಡುತ್ತಿದ್ದಳು.

“ಗುಜರಿಯವನು ಸಿಕ್ಕಿದ.”

“ಮಗು?”

“ಗಾಡೀಲಿ ಬರೀ ಬಾಟಲಿ, ಕಬ್ಬಿಣ. ಮಗೂನ ಅವನು ನೋಡೇ ಇಲ್ಲವಂತೆ. ನಿಜ ಅನ್ನಿಸುತ್ತೆ ಅಂತಿದಾರೆ.” ಪೇದೆ ಪುಸ್ತಕ ಮಡಿಸಿದ. “ಈಗ… ಕಾಲುವೆ ಕಡೆ ಹುಡುಕ್ತಾರಂತೆ.”

ಅವಳು ನೆಲಕ್ಕೆ ಕುಸಿದಳು. ಕಳ್ಳನಿದ್ದಷ್ಟು ಹೊತ್ತು ಅವನ ಕೈಯಲ್ಲಿ ಮಗುವಾದರೂ ಇತ್ತು. ಈಗ ಕಳ್ಳನೂ ಇಲ್ಲ.

“ಅಪ್ಪಾ… ಬಾ… ನಾನಿಲ್ಲಿ…”

ದನಿ ತೆಳ್ಳಗಾಗಿತ್ತು. ಟೇಪಿನಲ್ಲಿ ಈ ಮಾತಿನ ಬೆನ್ನಿಗೇ ಒಂದು ಕಿಲಕಿಲ ನಗು ಬರುತ್ತಿತ್ತು. ಆ ನಗುವಿಗಾಗಿ ಅವಳು ಕಾದಳು. ತಡವಾಯಿತು. ಕಾಯಲಾರದೆ ಎರಡೂ ಕಿವಿ ಮುಚ್ಚಿಕೊಂಡಳು.

ಗೇಟು ಬಡಿಯಿತು. ಗಂಡ ಬಂದ. ಒಂದೇ ಕಾಲಿನಲ್ಲಿ ಚಪ್ಪಲಿ. ಅಂಗಿಯ ತುಂಬ ತುಕ್ಕು. ಹೊಸ್ತಿಲು ದಾಟಿದವನು ಬಾಯಿ ತೆರೆಯುವ ಮೊದಲೇ ಮೂಲೆಯಿಂದ ಕರೆ ಬಂತು. ಬಹಳ ಸಣ್ಣಗೆ.

“ಅಪ್ಪಾ…”

ಅವನ ಮುಖ ಅರಳಿತು. ನಕ್ಕೇಬಿಟ್ಟ. ಕಣ್ಣಲ್ಲಿ ದಳದಳ ನೀರು.

“ಸಿಕ್ಕಿದ್ಲಾ? ಯಾವಾಗ ಸಿಕ್ಕಿದ್ಲು? ನನಗೊಂದು ಫೋನ್ ಮಾಡಬಾರ್ದಾ?”

ತಮ್ಮ ಗೋಡೆಯ ಕಡೆ ತಿರುಗಿಕೊಂಡ. ಪೇದೆ ಟೋಪಿ ತೆಗೆದು ಕೈಯಲ್ಲಿ ಹಿಡಿದ. ಅವಳು ಎದ್ದು ಬಂದು ಗಂಡನ ಅಂಗಿ ಹಿಡಿದು ಜಗ್ಗಿದಳು.

“ನಿಮಗೇನು ತಲೆ ಕೆಟ್ಟಿದೆಯಾ? ಅದು ನಿಮ್ಮ ಟೇಪು ರೀ! ನೀವೇ ಹಾಕಿಟ್ಟು ಹೋಗಿದೀರ! ಮಧ್ಯಾಹ್ನದಿಂದ ಕರೀತಾನೇ ಇದೆ!”

“ಯಾವ ಟೇಪು?” ಎಂದ ಅವನು. “ಆಂಪ್ಲಿಫಯರು ಬೆಳಿಗ್ಗೆಯಿಂದ ನನ್ನ ಅಂಗಡೀಲಿ ಬಿಚ್ಚಿ ಬಿದ್ದಿದೆ.”