ಅಂಟಿಕೊಂಡ ಹಾಳೆ

ಹಾಳೆ ಎತ್ತಲಾರದೆ ಯಂತ್ರ ಗೊರಗುಟ್ಟಿತು. ಹಳೇ ಜೀಪಿನ ವೈಪರ್ ಮೋಟಾರಿಗೆ ವ್ಯಾಕ್ಯೂಮ್ ಕ್ಲೀನರಿನ ಕೊಳವೆ ಜೋಡಿಸಿ ಸೌಜನ್ಯ ತಾನೇ ಕಟ್ಟಿದ ಯಂತ್ರವದು. ಕೊಳವೆ ಹಾಳೆಯನ್ನು ಹೀರಿ ಹಿಡಿದು ಮಗುಚುತ್ತಿತ್ತು, ಮೇಲೆ ಕಟ್ಟಿದ್ದ ಮೊಬೈಲು ಫೋಟೋ ತೆಗೆಯುತ್ತಿತ್ತು. ತೀರಿಹೋದ ಅಪ್ಪ ಚನ್ನಮಲ್ಲಪ್ಪನವರ ಪುಸ್ತಕಗಳೆಲ್ಲ ನಾಳೆ ಚೆಟ್ಟಳ್ಳಿಯ ಲೈಬ್ರರಿಗೆ ಹೋಗಲಿದ್ದವು; ಅಷ್ಟರೊಳಗೆ ಎಲ್ಲದರ ಫೋಟೋ ಪ್ರತಿ ಆಗಬೇಕಿತ್ತು. ಅಪ್ಪನನ್ನು ಮಣ್ಣು ಮಾಡಿ ಬಂದ ದಿನವೂ ಅವಳಿಗೆ ಅಳು ಬಂದಿರಲಿಲ್ಲ. ಈಗಲೂ ಹಾಳೆ ಮಗುಚುವುದನ್ನೇ ನೋಡುತ್ತ ಮರದ ಹಾಗೆ ಕೂತಿದ್ದಳು.

ಬಗ್ಗಿ ನೋಡಿದರೆ ಎರಡು ಹಾಳೆಗಳು ಕಂದು ಕಲೆಯೊಂದರಲ್ಲಿ ಅಂಟಿಕೊಂಡಿದ್ದವು.

“ಹಲಸಿನಹಣ್ಣಿನ ಮೇಣ ಅದು,” ಎಂದರು ಅಮ್ಮ ಸುಲೋಚನಮ್ಮ. “ನಿಮ್ಮಪ್ಪ ತೊಳೆ ತಿನ್ಕಂಡೇ ಓದೋರು. ಪುಸ್ತಕ ಹಾಳಾಗುತ್ತೆ ಅಂದ್ರೆ, ಅದಕ್ಕೂ ಒಂಚೂರು ರುಚಿ ಗೊತ್ತಾಗ್ಲಿ ಬಿಡೇ ಅನ್ನೋರು. ತಡಿ, ಕೊಬ್ಬರಿ ಎಣ್ಣೆ ತರ್ತೀನಿ, ಬಿಡಿಸ್ಬೋದು.”

ಸೌಜನ್ಯ ಕಲೆಯ ಮೇಲೆ ಹೆಬ್ಬೆರಳು ಊರಿದಳು. ಗಟ್ಟಿಯಾಗಿತ್ತು. ಪುಸ್ತಕವನ್ನು ಮೂಗಿನ ಹತ್ತಿರ ಹಿಡಿದಳು. ಬರೀ ಹಳೇ ಕಾಗದದ ವಾಸನೆ. ಯಂತ್ರದ ಸ್ವಿಚ್ ಆಫ್ ಮಾಡಿದಳು.

“ಬೇಡಮ್ಮ, ಹಂಗೇ ಇರ್ಲಿ. ಇದೊಂದನ್ನ ಕೊಡೋದು ಬೇಡ.”

ಪುಸ್ತಕ ಮುಚ್ಚಿ ಮಡಿಲಲ್ಲಿಟ್ಟುಕೊಂಡಳು. ಸ್ವಲ್ಪ ಹೊತ್ತಾದ ಮೇಲೆ, “ಅಮ್ಮಾ, ಹಸಿವಾಗ್ತಾ ಇದೆ,” ಎಂದಳು. ಅಪ್ಪ ಹೋದ ಮೇಲೆ ಅವಳಾಗಿ ಹಾಗಂದದ್ದು ಅದೇ ಮೊದಲು.