ನೆಟ್ಟಗೆ ಉರುಳಿದ ಗಾಲಿ

ಉಮಾಪತಿ ಟೈರನ್ನು ಒಮ್ಮೆ ಒದ್ದು, "ಗಟ್ಟಿ ಐತಿ, ಇದನ್ನ ಹಾಕಿಬಿಡ್ರಿ" ಎಂದ. ಒದ್ದರೆ ಟೈರು ತನ್ನ ಗುಣ ಹೇಳುತ್ತದೆಂದು ಗಂಡಸರು ಯಾವಾಗ ತೀರ್ಮಾನಿಸಿದರೋ ಏನೋ; ಗಂಗಾವತಿಯ ಆ ಹಳೇ ಗಾಲಿಗಳ ಅಂಗಡಿಯವನೂ ಭಕ್ತಿಯಿಂದ ತಲೆಯಾಡಿಸಿದ. ಕಾರು ಅಮೃತಾಳದು. ಹೋದ ವಾರ ತಗ್ಗಿಗೆ ಬಿದ್ದು ಅದರ ಅಲಾಯ್ ಗಾಲಿ ಸೀಳಿದಾಗಿನಿಂದ ಕೀಲಿ ಮಾತ್ರ ಗಂಡನ ಅಣ್ಣ ಉಮಾಪತಿಯ ಜೇಬಿನಲ್ಲಿತ್ತು. "ಸಾಲಿಗೆ ಪಾಠಾ ಹೇಳಾಕ ಬಸ್ಸಿನಾಗ ಹೋಗವಾ, ನಿನಗ್ಯಾಕ ಸ್ಟೇರಿಂಗ್ ಉಸಾಬರಿ?" ಎಂದು ತೀರ್ಪನ್ನೂ ಕೊಟ್ಟಿದ್ದ.

"ಉರುಳಿಸಿ ನೋಡ್ತೀನಿ," ಎಂದಳು ಅಮೃತಾ.

"ಸಾಹೇಬ್ರು ನೋಡ್ಯಾರಲ್ರಿ ಅಕ್ಕಾರ!" ಎಂದ ಅಂಗಡಿಯವನು.

ಅಳವಂಡಿಯ ಓಣಿಗಳಲ್ಲಿ ಕೋಲು ಹಿಡಿದು ಸೈಕಲ್ ಟೈರು ಓಡಿಸುತ್ತಲೇ ಬೆಳೆದವಳು ಸೆರಗು ಸಿಗಿಸಿ ಗಾಲಿ ದೂಡಿದಳು. ನಾಲ್ಕು ಮಾರು ಹೋಗುವುದರೊಳಗೆ ಅದು ಹೊಯ್ದಾಡಿ ಧೂಳಿನಲ್ಲಿ ಮಲಗಿತು. "ರಿಮ್ ಸೊಟ್ಟ ಐತಿ."

"ಏ, ನೆಲಾ ಸೊಟ್ಟ ಐತ್ರಿ," ಎಂದ ಅಂಗಡಿಯವನು.

ಅವಳು ರಾಶಿಯಿಂದ ಇನ್ನೊಂದು ಗಾಲಿ ಎಳೆದು ಅದೇ ನೆಲದ ಮೇಲೆ ಬಿಟ್ಟಳು. ಅದು ಗೆರೆ ಎಳೆದಂತೆ ಉಮಾಪತಿಯತ್ತಲೇ ಹೊರಟಿತು. ಅವನು ಕದಲಲಿಲ್ಲ, ಗಾಲಿಯೂ ಬಾಗಲಿಲ್ಲ. ಕಡೇ ಗಳಿಗೆಯಲ್ಲಿ ಪಂಚೆ ಎತ್ತಿಕೊಂಡು ಪಕ್ಕಕ್ಕೆ ಹಾರಿದವನು ಅವನೇ.

"ಇದನ್ನ ಹಾಕ್ರಿ," ಎಂದು ಅಂಗಡಿಯವನಿಗೆ ಹೇಳಿ, ಅಮೃತಾ ಧೂಳುಗೈಯನ್ನು ಭಾವನ ಮುಂದೆ ಚಾಚಿದಳು. "ಭಾವಾರ, ಕೀಲಿ ಕೊಡ್ರಿ. ನಾನ ಹೊಡಕೊಂಡು ಹೋಗ್ತೀನಿ."

ಉಮಾಪತಿ ಅಂಗಡಿಯವನತ್ತ ನೋಡಿದ. ಅಂಗಡಿಯವನು ನೆಲ ನೋಡುತ್ತಿದ್ದ. ಚಾಚಿದ ಕೈ ಕೆಳಗಿಳಿಯಲಿಲ್ಲ; ಕಡೆಗೆ ಉಮಾಪತಿಯ ಕೈಯೇ ಜೇಬಿಗೆ ಇಳಿಯಿತು.