ನೂರಕ್ಕೆ ನಾಲ್ಕು

ಪಟ್ಟಿಯಲ್ಲಿ ಒಂದೇ ಹೆಸರಿತ್ತು. ಟೀಚರ್ ಕಂಪ್ಯೂಟರಿನಲ್ಲಿ ಆ ಪುಟವನ್ನು ಮುಚ್ಚಿ ಮತ್ತೆ ತೆರೆದರು. ಆಗಲೂ ಒಂದೇ. ಗುಡ್ಡದ ಮೇಲಿನ ಕಾಲೇಜಿಗೆ ಅರ್ಜಿ ಹಾಕಲು ಇವತ್ತು ಸಂಜೆ ಐದಕ್ಕೆ ಕೊನೆ. ಗೋಡೆಯ ಗಡಿಯಾರ ಮೂರೂ ಮುಕ್ಕಾಲು ತೋರಿಸುತ್ತಿತ್ತು. ಪ್ರತಿ ವರ್ಷ ಈ ಶಾಲೆಯಿಂದ ಒಂಬತ್ತೋ ಹತ್ತೋ ಮಂದಿ ಹಾಕುತ್ತಿದ್ದರು, ಒಬ್ಬರಿಗೋ ಇಬ್ಬರಿಗೋ ಸೀಟು ಸಿಗುತ್ತಿತ್ತು. ಈ ಸಲ ಹಾಕಿದವಳು ಪರ್ಸೆಂಟ್ ಒಬ್ಬಳೇ.

ಪರ್ಸೆಂಟ್ ಎನ್ನುವುದು ತರಗತಿ ಇಟ್ಟ ಹೆಸರು. ಹಿಂದಿನ ಆರು ವರ್ಷ ಯಾರ ಅಂಕ ಎಷ್ಟಿತ್ತು, ಯಾರಿಗೆ ಸೀಟು ಸಿಕ್ಕಿತು, ಯಾರಿಗೆ ಕೈಕೊಟ್ಟಿತು ಎಂಬುದನ್ನೆಲ್ಲ ಆ ಹುಡುಗಿ ಕಂಪ್ಯೂಟರಿನಲ್ಲಿ ತುಂಬಿಸಿಟ್ಟಿದ್ದಳು. ನಿಮ್ಮ ಅಂಕ ಹೇಳಿದರೆ ಸಾಕು, ನಿಮ್ಮ ಅವಕಾಶ ನೂರಕ್ಕೆ ಎಷ್ಟು ಎಂದು ಹೇಳಿಬಿಡುವಳು. ಹಳೆಯ ಕಡತ ತೆಗೆದುಕೊಟ್ಟವರು ಟೀಚರೇ. ಅರ್ಜಿಗಳ ಕೆಲಸವನ್ನು ಶಾಲೆಯವರು ಅವರ ತಲೆಗೆ ಕಟ್ಟಿದ್ದರು. ಮಕ್ಕಳು ಬಂದು "ಮಿಸ್, ನಂಗೆ ಸಿಗುತ್ತಾ?" ಎಂದರೆ "ಪರ್ಸೆಂಟ್ ಹತ್ರ ಕೇಳ್ಕೋ ಹೋಗು" ಎಂದು ಸಾಗಹಾಕುತ್ತಿದ್ದರು.

ಟೀಚರ್ ಅವಳನ್ನು ಕರೆಸಿದರು.

"ಬೇರೆ ಯಾರೂ ಯಾಕೆ ಹಾಕಿಲ್ಲ?"

"ಅವರವರ ಇಷ್ಟ ಮಿಸ್."

"ಇಸ್ತ್ರಿ?"

ಇಸ್ತ್ರಿ ಎಂದರೆ ಇಸ್ತ್ರಿ ಅಂಗಡಿಯವರ ಮಗಳು. ಪರ್ಸೆಂಟ್ ಪಕ್ಕದಲ್ಲೇ ಕೂರುವವಳು, ತರಗತಿಗೇ ಮೊದಲನೆಯವಳು. ಓದು, ಊಟ, ರೂಮು ಎಲ್ಲ ಪುಕ್ಕಟೆ ಕೊಡುವ ಕಾಲೇಜು ಅದೊಂದೇ. ಅದು ತಪ್ಪಿದರೆ ಅವಳಿಗೆ ಅಪ್ಪನ ಅಂಗಡಿಯೇ ಗತಿ ಎಂಬುದು ಇಡೀ ಶಾಲೆಗೆ ಗೊತ್ತಿತ್ತು.

ಪರ್ಸೆಂಟ್ ಮೇಜಿನ ಅಂಚನ್ನು ಉಗುರಿನಿಂದ ಕೆರೆಯುತ್ತಾ ನಿಂತಳು.

"ಎಷ್ಟು ಅಂತ ಹೇಳಿದ್ದೆ ಅವಳಿಗೆ?"

"ನಾಲ್ಕು."

"ಲೆಕ್ಕದಲ್ಲಿ ಬಂದಿದ್ದೆಷ್ಟು?"

"ಅರವತ್ತೊಂದು."

ಟೀಚರಿಗೆ ತಾವು ಕೇಳಿಸಿಕೊಂಡದ್ದರ ಮೇಲೆ ನಂಬಿಕೆ ಬರಲಿಲ್ಲ. ಇನ್ನೊಮ್ಮೆ ಕೇಳಿದರು. ಹುಡುಗಿ ಇನ್ನೊಮ್ಮೆ ಹೇಳಿದಳು.

"ನಿಂದೆಷ್ಟು?"

"ಇಪ್ಪತ್ತೆರಡು. ಅವಳೂ ಹಾಕಿದ್ರೆ ಒಂಬತ್ತಕ್ಕೆ ಇಳಿಯುತ್ತೆ ಮಿಸ್. ಒಂದು ಶಾಲೆಯಿಂದ ಇಬ್ಬರಿಗಿಂತ ಜಾಸ್ತಿ ತಗೊಳ್ಳಲ್ಲ ಅವರು."

"ಉಳಿದವರಿಗೆ?"

"ಎಲ್ರಿಗೂ ಸ್ವಲ್ಪ ಸ್ವಲ್ಪ ಕಮ್ಮಿ ಮಾಡ್ದೆ."

ಕೆನ್ನೆಗೆ ಒಂದು ಬಿಡಬೇಕು ಅನ್ನಿಸಿತು. ಆದರೆ ಆ ಮಕ್ಕಳನ್ನು ಒಬ್ಬೊಬ್ಬರಾಗಿ ಇವಳ ಹತ್ತಿರ ಅಟ್ಟಿದ್ದು ಯಾರು? ಎತ್ತಿದ ಕೈಯನ್ನು ಟೀಚರ್ ಫೋನಿನ ಮೇಲಿಟ್ಟರು. ಉಳಿದವರ ಮನೆಗಳಿಗೆಲ್ಲ ಈಗಲೇ ಸುದ್ದಿ ಮುಟ್ಟಿಸಿ ಎಂದು ಆಫೀಸಿನ ಗುಮಾಸ್ತರಿಗೆ ಹೇಳಿ, ಪರ್ಸೆಂಟ್ ಕಡೆ ತಿರುಗಿದರು. "ನಿಂತಿದೀಯಲ್ಲ! ಓಡು, ಅವಳನ್ನ ಕರ್ಕೊಂಡ್ ಬಾ."

ಇಸ್ತ್ರಿ ಬಂದಾಗ ನಾಲ್ಕೂ ಹತ್ತು. ಎಂದಿನಂತೆ ಅವಳ ಯೂನಿಫಾರ್ಮಿನಲ್ಲಿ ಒಂದು ಸುಕ್ಕಿರಲಿಲ್ಲ. ಪರ್ಸೆಂಟ್ ಅವಳ ಹಿಂದೆ ಊದಿದ ಮುಖದಲ್ಲಿ ನಿಂತಳು. ದಾರಿಯುದ್ದಕ್ಕೂ ಅತ್ತದ್ದು ಗೊತ್ತಾಗುತ್ತಿತ್ತು. ಟೀಚರ್ ಎದ್ದು ತಮ್ಮ ಕುರ್ಚಿಯನ್ನೇ ಕಂಪ್ಯೂಟರಿನ ಮುಂದೆ ಸರಿಸಿದರು.

"ಕೂತ್ಕೋ ಪುಟ್ಟ. ಐವತ್ತು ನಿಮಿಷ ಇದೆ, ಸಾಕು. ಶಿಫಾರಸು ಪತ್ರ ನಾನು ಬರೀತೀನಿ. ನಿಂದು ನಾಲ್ಕಲ್ಲ, ಅರವತ್ತೊಂದು. ಇವಳು ನಿಂಗೆ ಸುಳ್ಳು ಹೇಳಿದಾಳೆ."

ಇಸ್ತ್ರಿ ಕೂರಲಿಲ್ಲ. ಗೆಳತಿಯನ್ನು ನೋಡಿದಳು, ಟೀಚರನ್ನು ನೋಡಿದಳು, ಆಮೇಲೆ ನಕ್ಕಳು.

"ಇಬ್ರೂ ಸೇರ್ಕೊಂಡು ಸಮಾಧಾನ ಮಾಡ್ತಿದೀರಾ? ನಂಗೇನೂ ಬೇಜಾರಿಲ್ಲ ಮಿಸ್."

"ಸಮಾಧಾನ ಅಲ್ವೇ ಗೂಬೆ!" ಪರ್ಸೆಂಟ್ ಕಿರುಚಿದಳು. "ನಾನು ಬೇಕೂಂತ ಸುಳ್ಳು ಹೇಳಿದ್ದು! ನನಗೆ ಸಿಗ್ಲಿ ಅಂತ ಹೇಳಿದ್ದು! ಕಾಲಿಗೆ ಬೀಳ್ತೀನಿ, ಹಾಕೇ!"

"ನೋಡಿ ಮಿಸ್, ಏನು ನಾಟಕ ಮಾಡ್ತಾಳೆ! ಅವತ್ತೂ ಹೀಗೇ. ನಾಲ್ಕು ಅಂತ ಹೇಳಿಬಿಟ್ಟು ನನಗಿಂತ ಮುಂಚೆ ಇವಳೇ ಅತ್ತಿದ್ಲು. ನಾನೇ ಬಾತ್‌ರೂಮಿಗೆ ಕರ್ಕೊಂಡ್ ಹೋಗಿ ಮುಖ ತೊಳೆಸಿದ್ದೆ."

"ಲೆಕ್ಕ ನಾನೇ ನೋಡ್ದೆ ಕಣಮ್ಮ," ಟೀಚರ್ ನೋಡಿರದಿದ್ದರೂ ಹೇಳಿದರು. "ನನ್ನ ಮಾತಾದ್ರೂ ಕೇಳು."

"ಮೊದಮೊದಲು ನಂಗೂ ನಂಬಕ್ಕಾಗ್ಲಿಲ್ಲ ಮಿಸ್. ಆಮೇಲೆ ಕೂತು ಯೋಚನೆ ಮಾಡ್ದೆ. ನಾನು ಓದಿದ್ದನ್ನೇ ಓದಿ ಓದಿ ಅಂಕ ತಗೋಳೋಳು. ಅಂಥವರನ್ನ ಅಲ್ಲಿ ಯಾರು ತಗೋತಾರೆ? ಬೇಕಾದ್ರೆ ರಿಜಿಸ್ಟರ್ ತೆಗೆದು ನೋಡಿ."

ಟೀಚರ್ ತೆಗೆದರು. ಅವಳ ಹೆಸರಿನ ಮುಂದೆ ಸಾಲಾಗಿ ತೊಂಬತ್ತೇಳು, ತೊಂಬತ್ತೈದು, ತೊಂಬತ್ತಾರು. ಕಳೆದ ಎರಡು ತಿಂಗಳಿನಲ್ಲಿ ಎಪ್ಪತ್ತೊಂದು. ಆಮೇಲೆ ಐವತ್ತೆಂಟು. ಈ ಅಂಕಗಳನ್ನು ಅಲ್ಲಿ ಬರೆದದ್ದು ಅವರದೇ ಕೈ. ಬರೆಯುವಾಗ ಕಣ್ಣಿಗೆ ಬಿದ್ದಿರಲಿಲ್ಲ.

"ಈ ಟೆಸ್ಟ್‌ಗಳು ಲೆಕ್ಕಕ್ಕಿಲ್ಲಮ್ಮ," ಎಂದರು. "ಅವರು ನೋಡೋದು ಹಿಂದಿನ ಎರಡು ವರ್ಷದ್ದು."

ಪರ್ಸೆಂಟ್ ನೆಲದ ಮೇಲೆ ಕುಸಿದು ಕೂತಿದ್ದಳು. ಇಸ್ತ್ರಿ ಪಕ್ಕದಲ್ಲಿ ಮಂಡಿಯೂರಿ ಅವಳ ಹೆಗಲ ಮೇಲೆ ಕೈ ಹಾಕಿದಳು.

"ಅವತ್ತು ನನ್ನ ಅಂಕ ಬೀಳೋದು ಇನ್ನೂ ಶುರುವಾಗಿರ್ಲಿಲ್ಲ," ಎಂದಳು, ಗೆಳತಿಯ ಬಗ್ಗೆ ಹೆಮ್ಮೆಯಿಂದ. "ಅಷ್ಟು ಮುಂಚೆನೇ ಇವಳು ಹೇಳಿಬಿಟ್ಟಿದ್ಲು ನೋಡಿ ಮಿಸ್."